ಇಪ್ಪತ್ತೆರಡು ನಿಮಿಷದ ಸಂಜೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಸಂಜೆಯ ಬೆಳಕು ಎಂದಾಗ ಸಂಘಟಕರು, “ಕನ್ನಡ ಕಾವ್ಯದಲ್ಲಿ ಸಂಜೆ ಅಂತ ಹಾಕಿಸಲಾ ಸರ್?” ಎಂದು ಕೇಳಿದರು. ಬೇಡ ಎಂದೆ. ಕಾವ್ಯದಲ್ಲಿ ಸಂಜೆಗೆ ಬರವಿಲ್ಲ. ನನ್ನ ತಕರಾರೇ ಅಲ್ಲಿಂದ ಶುರುವಾಗುತ್ತದೆ. ನಮ್ಮ ಭಾವಗೀತೆಗಳಲ್ಲಿ, ಸಿನಿಮಾ ಹಾಡುಗಳಲ್ಲಿ, ಸಣ್ಣಕತೆಗಳ ಕೊನೆಯ ಪ್ಯಾರಾದಲ್ಲಿ ಸಂಜೆಯಾಯಿತೆಂದರೆ ವಿಷಾದ ಬಂತೆಂದೇ ಲೆಕ್ಕ. ಹೆಂಡತಿ ತೀರಿಕೊಂಡ ಮೇಷ್ಟ್ರು ಜಗಲಿಯಲ್ಲಿ ಕೂತರೆ ಹಿಂದೆ ಸೂರ್ಯ ಮುಳುಗಲೇಬೇಕು. ಸೂರ್ಯನಿಗೆ ನಾವು ಕೊಟ್ಟಿರುವ ಪಾತ್ರ ಅದೊಂದೇ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಸಂಜೆಯ ಬೆಳಕು ಯಾವ ಭಾವವನ್ನೂ ಹೊತ್ತು ತರುವುದಿಲ್ಲ. ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಅದು ನಿಮಿಷ ನಿಮಿಷಕ್ಕೂ ಬದಲಿಸುತ್ತ ಹೋಗುತ್ತದೆ. ಆ ಬದಲಾವಣೆಗೆ ನಮ್ಮ ಕಣ್ಣಿನ ಮಿತಿ, ನಮ್ಮ ಕೈಯಲ್ಲಿ ಉಳಿದ ಕೆಲಸ, ಅಂದಿನ ದುಡಿಮೆಯ ಲೆಕ್ಕ ಎಲ್ಲ ಸೇರಿಕೊಂಡಾಗ ಭಾವ ಹುಟ್ಟುತ್ತದೆ. ಹಾಗಾಗಿ ಸಂಜೆಯನ್ನು ಒಂದೇ ಗಂಟಾಗಿ ನೋಡದೆ, ಬಿಡಿಸಿ ಹಂತ ಹಂತವಾಗಿ ನೋಡೋಣ.

ಅಡ್ಡ ಬೀಳುವ ಬೆಳಕು

ಮೊದಲನೆಯದು, ಸೂರ್ಯ ಇನ್ನೂ ಮುಳುಗದ ಇಳಿಹೊತ್ತು. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ. ನೆಲಕ್ಕೆ ಬೇಕಾದಷ್ಟು ಸಿಗುತ್ತದೆ, ಗೋಡೆಗೂ ಮುಖಕ್ಕೂ ಕಡಿಮೆ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಗಾಢವಾದ ನೆರಳು. ಛತ್ರದ ಹೊರಗೆ ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಮದುವೆ ಫೋಟೊದಲ್ಲಿ ಬೀಗರೆಲ್ಲ ಮುನಿಸಿಕೊಂಡಂತೆ ಕಾಣುವುದು ಇದರಿಂದಲೇ. ಪಾಪ, ಅವರು ಊಟ ಮಾಡಿ ಸಂತೋಷವಾಗಿಯೇ ಇರುತ್ತಾರೆ.

ಸಂಜೆ ಐದು ದಾಟಿದ ಮೇಲೆ ಬೆಳಕು ಪಕ್ಕದಿಂದ ಬರತೊಡಗುತ್ತದೆ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ಸುಮಾರು 31 ಅಡಿ ಉದ್ದ ಇರುತ್ತದೆ. 5 ಡಿಗ್ರಿಗೆ ಇಳಿದಾಗ ಅದೇ ನೆರಳು 63 ಅಡಿಯ ಹತ್ತಿರ ಬರುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಬೇಕಾಗುವುದು ಇಪ್ಪತ್ತು ನಿಮಿಷದ ಆಸುಪಾಸು. ಬಸ್‌ಸ್ಟಾಪಿನಲ್ಲಿ ನಿಂತವರ ನೆರಳು ರಸ್ತೆ ದಾಟಿ ಎದುರಿನ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಣ್ಣೆದುರೇ ನೋಡಬಹುದು.

ಅಡ್ಡ ಬಿದ್ದ ಬೆಳಕಿಗೆ ಉಬ್ಬುತಗ್ಗು ಎಂದರೆ ಪ್ರೀತಿ. ಸುಣ್ಣ ಬಳಿದ ಒಂದು ಕಾಂಪೌಂಡ್ ಗೋಡೆಯನ್ನು ತೆಗೆದುಕೊಳ್ಳಿ. ಮಧ್ಯಾಹ್ನ ಅದು ಬರೀ ಬಿಳಿ. ಐದೂವರೆಗೆ ಹೋಗಿ ನೋಡಿದರೆ ಗಾರೆಯವನ ಕರಣೆ ಓಡಾಡಿದ ಜಾಡು ಕಾಣುತ್ತದೆ. ಬಲದಿಂದ ಎಡಕ್ಕೆ ಅರ್ಧಚಂದ್ರಾಕಾರದ ಗೆರೆಗಳು, ಒಂದರ ಮೇಲೊಂದು. ಮೂಲೆಯ ಹತ್ತಿರ ಅವಸರ. ಒಂದು ಕಡೆ ಗಾರೆ ಕಡಿಮೆಯಾಗಿ ಮತ್ತೆ ಮೆತ್ತಿದ ತೇಪೆ. ಯಾವಾಗಲೋ ಯಾರೋ ದುಡಿದದ್ದು ದಿನಕ್ಕೆ ಅರ್ಧ ಗಂಟೆ ಮಾತ್ರ ಓದಲು ಸಿಗುತ್ತದೆ. ಸಂಜೆಯ ಹೊತ್ತು ನಮಗೆ ಸಾಮಾನ್ಯ ವಸ್ತುಗಳ ಮೇಲೂ ಅಕ್ಕರೆ ಬರುವುದಕ್ಕೆ ಇದು ಒಂದು ಕಾರಣ ಎಂದು ನನಗನಿಸುತ್ತದೆ. ಅಂಗಳದಲ್ಲಿ ಒಣಹಾಕಿದ ಹಪ್ಪಳ, ಹಗ್ಗದ ಮೇಲಿನ ಲುಂಗಿ, ರಸ್ತೆಗೆ ಹರವಿದ ರಾಗಿ ತೆನೆ ಎಲ್ಲಕ್ಕೂ ಆಗ ಮೈ ಬರುತ್ತದೆ.

ಹೊಂಬಣ್ಣದ ಕಾರಣ ಶಾಲೆಯಲ್ಲಿ ಓದಿದವರಿಗೆ ನೆನಪಿರುತ್ತದೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚದುರಿಸುತ್ತವೆ. ಲಾರ್ಡ್ ರೇಲೇ 1871ರಲ್ಲಿ ಕೊಟ್ಟ ವಿವರಣೆ ಇದು. ಸೂರ್ಯ ದಿಗಂತಕ್ಕೆ ತಾಗುವಾಗ ಅವನ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿಯೆಲ್ಲ ಸೋರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. ದೂಳು ಹೆಚ್ಚಿದ್ದರೆ ಸೂರ್ಯಾಸ್ತ ಚಂದ ಎಂಬ ನಂಬಿಕೆ ಅರ್ಧ ಮಾತ್ರ ನಿಜ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಬಹಳ ಎತ್ತರಕ್ಕೆ ಹೋದ ಸೂಕ್ಷ್ಮ ಕಣಗಳು ಜಗತ್ತಿನಾದ್ಯಂತ ತಿಂಗಳುಗಟ್ಟಲೆ ಸಂಜೆಗಳನ್ನು ಕೆಂಪೇರಿಸಿದವು. ನೆಲದ ಹತ್ತಿರದ ದೂಳು, ಹೊಗೆ ಮಾತ್ರ ಬಣ್ಣವನ್ನು ಮಂಕು ಮಾಡುತ್ತವೆ. ಆಗುಂಬೆಯ ಸೂರ್ಯಾಸ್ತಕ್ಕೆ ಹೋಗುವವರು ಮಳೆ ಬಿದ್ದು ಬಿಟ್ಟ ದಿನವನ್ನು ಕಾಯುವುದು ಸರಿಯಾದ ಲೆಕ್ಕವೇ.

ಕೆಂಪು ಮೊದಲು ಹೋಗುತ್ತದೆ

ಸೂರ್ಯ ಮುಳುಗಿದ. ಇನ್ನು ಎರಡನೇ ಹಂತ. ಬೇಲಿಯಲ್ಲಿ ಕೆಂಪು ದಾಸವಾಳ, ಪಕ್ಕದಲ್ಲಿ ನಂದಿಬಟ್ಟಲು, ಅದಕ್ಕೆ ಹಬ್ಬಿದ ಶಂಖಪುಷ್ಪದ ಬಳ್ಳಿ ಇವೆ ಎಂದುಕೊಳ್ಳಿ. ಹಗಲಿನಲ್ಲಿ ದೂರದಿಂದಲೇ ಕಣ್ಣು ಸೆಳೆಯುವುದು ದಾಸವಾಳ. ಸೂರ್ಯ ಮುಳುಗಿ ಕಾಲು ಗಂಟೆ ಕಳೆದ ಮೇಲೆ, ಬೀದಿದೀಪ ತಾಗದ ಜಾಗದಲ್ಲಿ ನಿಂತು ನೋಡಿ. ದಾಸವಾಳ ಕಂದಿ ಕಪ್ಪಾಗುತ್ತ ಹೋಗುತ್ತದೆ. ಅದರ ಎಲೆಗಳು ಇನ್ನೂ ಬೂದುಹಸಿರಾಗಿ ಕಾಣುತ್ತಿರುತ್ತವೆ. ಶಂಖಪುಷ್ಪ ಅದಕ್ಕಿಂತ ತಿಳಿಯಾಗಿ ಕಾಣುತ್ತದೆ. ನಂದಿಬಟ್ಟಲು ಮಾತ್ರ ತಾನೇ ಬೆಳಗುವಂತೆ ಉಳಿದಿರುತ್ತದೆ.

ಇದನ್ನು ಗಮನಿಸಿ 1825ರಲ್ಲಿ ಬರೆದವನು ಬೊಹೀಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ. ನಮ್ಮ ಕಣ್ಣಿನಲ್ಲಿ ಹಗಲು ಕೆಲಸ ಮಾಡುವ ಶಂಕು ಕೋಶಗಳಿಗೆ ಹಸಿರು–ಹಳದಿಯ ಕಡೆ ಒಲವು, ಸುಮಾರು 555 ನ್ಯಾನೊಮೀಟರ್ ತರಂಗಾಂತರದ ಬಳಿ. ಮಬ್ಬಿನಲ್ಲಿ ಅಧಿಕಾರ ವಹಿಸಿಕೊಳ್ಳುವ ದಂಡ ಕೋಶಗಳ ಒಲವು 505ರ ಬಳಿ, ನೀಲಿಹಸಿರಿನ ಕಡೆ. ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂವಿನ ಬಣ್ಣಗಳನ್ನೂ ಕಣ್ಣಿನ ಕೆಲಸವನ್ನೂ ಹಿಡಿದು ಕೂತು, 1968ರಲ್ಲಿ ದೃಷ್ಟಿಯ ಶರೀರವಿಜ್ಞಾನದ ಮೇಲೆ ಒಂದು ಪುಸ್ತಕವನ್ನೇ ತಂದರು. ನೊಬೆಲ್ ಪಡೆದವರಿಗೆ ಗುಲಾಬಿಯ ಕೆಂಪು ಸಣ್ಣ ವಿಷಯ ಅನ್ನಿಸಲಿಲ್ಲ.

ಇದೆಲ್ಲ ಹೂತೋಟದ ಮಾತಾಯಿತು ಎನ್ನುವವರು ಕ್ರಿಕೆಟ್ ಮೈದಾನಕ್ಕೆ ಬನ್ನಿ. ಬೀದಿಯ ಹುಡುಗರು ಆರೂವರೆಗೆ “ಲಾಸ್ಟ್ ಓವರ್” ಎನ್ನುತ್ತಾರೆ. ಬ್ಯಾಟು ಹಿಡಿದವನು “ಬಾಲೇ ಕಾಣ್ತಿಲ್ಲ ಕಣೋ” ಎನ್ನುತ್ತಾನೆ, ಫೀಲ್ಡಿಂಗ್ ಮಾಡಿ ಸುಸ್ತಾದವನು “ನನ್ ಬ್ಯಾಟಿಂಗ್ ಬಂದಾಗ ಮಾತ್ರ ಕತ್ಲಾಗುತ್ತೆ” ಎಂದು ಜಗಳ ತೆಗೆಯುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಟೆಸ್ಟ್ ಪಂದ್ಯವನ್ನು ಹಗಲುರಾತ್ರಿ ಆಡಿಸಲು ಹೊರಟಾಗ ಕೆಂಪು ಚೆಂಡನ್ನು ಕೈಬಿಟ್ಟು ಗುಲಾಬಿ ಚೆಂಡು ತಂದರು. ಮೊದಲ ಪಂದ್ಯ 2015ರ ನವೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ನಡೆಯಿತು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಅದು 2022ರ ಮಾರ್ಚ್‌ನಲ್ಲಿ, ಶ್ರೀಲಂಕಾ ಎದುರಿನ ಪಂದ್ಯದಲ್ಲಿ ಬಂತು. ಇಷ್ಟಾದರೂ ಹಗಲು ರಾತ್ರಿಯ ನಡುವಿನ ಆ ಹೊತ್ತಿನಲ್ಲಿ ಚೆಂಡು ಕಾಣುವುದು ಕಷ್ಟ ಎಂಬ ದೂರು ಆಟಗಾರರಿಂದ ನಿಂತಿಲ್ಲ.

ಕಣ್ಣಿಗಿಂತ ಬೇಗ ಇಳಿಯುವ ಕತ್ತಲೆ

ನಮ್ಮ ಸಂಜೆಗೆ ಇನ್ನೊಂದು ಗುಣವಿದೆ, ಅದು ವೇಗ. ಸೂರ್ಯ ಮುಳುಗಿದ ಕ್ಷಣದಿಂದ ದಿಗಂತದ ಕೆಳಗೆ 6 ಡಿಗ್ರಿ ಇಳಿಯುವವರೆಗಿನ ಅವಧಿಯನ್ನು ಖಗೋಳಜ್ಞರು ಸಿವಿಲ್ ಟ್ವೈಲೈಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದು ವರ್ಷವಿಡೀ 21ರಿಂದ 23 ನಿಮಿಷ. ಜೂನ್ ತಿಂಗಳ ಲಂಡನ್ನಿನಲ್ಲಿ ಮುಕ್ಕಾಲು ಗಂಟೆ ದಾಟುತ್ತದೆ, ಆಮೇಲೂ ಪೂರ್ತಿ ಕತ್ತಲಾಗುವುದೇ ಇಲ್ಲ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಇಂಗ್ಲಿಷ್ ಕವಿತೆಗಳನ್ನು ಓದಿ ಬೆಳೆದ ನಮ್ಮ ಕೆಲವು ಕವಿಗಳು ಸುದೀರ್ಘ ಸಂಧ್ಯೆಯನ್ನು ಬರೆದರಲ್ಲ, ಅದು ನಮ್ಮ ಆಕಾಶದ್ದಲ್ಲ.

ಈ 22 ನಿಮಿಷದಲ್ಲಿ ಎಷ್ಟು ಬೆಳಕು ಹೋಗುತ್ತದೆ? ಬೆಳಕನ್ನು ಅಳೆಯುವ ಲಕ್ಸ್ ಮಾನದಲ್ಲಿ ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000. ಸೂರ್ಯ ಮುಳುಗುವಾಗ ಕೆಲವು ನೂರು. ಸಿವಿಲ್ ಟ್ವೈಲೈಟ್ ಮುಗಿಯುವಾಗ ಉಳಿಯುವುದು ಮೂರೋ ನಾಲ್ಕೋ. ಒಂದು ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಡುವಷ್ಟರಲ್ಲಿ ಬೆಳಕು ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕು. ಕಣ್ಣು ಅಷ್ಟು ಹೊತ್ತು ಹಿಂದೆ ಬಿದ್ದಿರುತ್ತದೆ. ಮುಸ್ಸಂಜೆಯಲ್ಲಿ ಕಾರಣವಿಲ್ಲದೆ ಮೂಡುವ ಒಂದು ಬಗೆಯ ಕಸಿವಿಸಿಗೆ ಈ ಹಿಂದುಳಿಕೆಯೂ ಪಾಲುದಾರ ಎಂದು ನನ್ನ ಊಹೆ.

ನಮ್ಮ ಹಿರಿಯರು ಈ ಕಸಿವಿಸಿಗೆ ನಿಯಮಗಳ ಬೇಲಿ ಕಟ್ಟಿದರು. ದೀಪ ಹಚ್ಚುವ ಹೊತ್ತಿಗೆ ಮಲಗಬಾರದು, ಹೊಸ್ತಿಲ ಮೇಲೆ ಕೂರಬಾರದು, ಕಸ ಗುಡಿಸಿ ಆಚೆ ಹಾಕಬಾರದು, ಸೂಜಿ ಕೊಡಬಾರದು, ಉಪ್ಪು ಕೊಡಬಾರದು. ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂಬ ಮಾತನ್ನು ಬದಿಗಿಟ್ಟರೂ ಸೂಜಿ ಬಿದ್ದರೆ ಸಿಗದ, ಕಸದಲ್ಲಿ ಮೂಗುಬೊಟ್ಟು ಹೋದರೆ ಕಾಣದ ಹೊತ್ತು ಅದು ಎಂಬುದು ನಿಜ. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಸಮಯ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ, ಇವೆರಡೂ ಕೂಡುವ ಕಡೆ ಹಿರಣ್ಯಕಶಿಪುವಿನ ವರ ಸೋತಿತು ಎಂಬುದು ನಾವು ಚಿಕ್ಕಂದಿನಿಂದ ಕೇಳಿದ ಕತೆ. ಮುಸ್ಸಂಜೆಯ ಹೊಸ್ತಿಲಿನ ಬಗ್ಗೆ ನಮಗಿರುವ ಎಚ್ಚರ ಅಷ್ಟು ಹಳೆಯದು.

ಬದುಕಿನ ಎರಡು ತುದಿಯಲ್ಲಿರುವವರಿಗೆ ಈ ಹೊತ್ತು ಇನ್ನೂ ಕಷ್ಟ. ಹಸುಗೂಸುಗಳ ಅಳು ಹೆಚ್ಚಾಗಿ ಸಂಜೆಗೆ ಜೋರಾಗುತ್ತದೆ, ಆರನೇ ವಾರದ ಸುಮಾರಿಗೆ ಅದು ತುತ್ತತುದಿ ಮುಟ್ಟುತ್ತದೆ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅಜ್ಜಿಯರು ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಇನ್ನೊಂದು ತುದಿಯಲ್ಲಿ, ಮರೆವಿನ ಕಾಯಿಲೆಯ ವೃದ್ಧರಲ್ಲಿ ಅನೇಕರು ಸಂಜೆಯಾಗುತ್ತಲೇ ಗಲಿಬಿಲಿಗೊಳ್ಳುತ್ತಾರೆ. ಸ್ವಂತ ಮನೆಯಲ್ಲೇ ಕೂತು “ಹೊತ್ತಾಯ್ತು, ಮನೆಗೆ ಹೋಗ್ಬೇಕು, ಕರ್ಕೊಂಡ್ ಹೋಗಪ್ಪ” ಎನ್ನುತ್ತಾರೆ. ಕಾರಣಗಳು ಹಲವು, ಬೆಳಕೊಂದೇ ಅಲ್ಲ. ಆದರೆ ನೋಡಿಕೊಳ್ಳುವವರಿಗೆ ಕೊಡುವ ಸಲಹೆಗಳಲ್ಲಿ ಒಂದು, ಕತ್ತಲಾಗುವ ಮುಂಚೆಯೇ ಕೋಣೆಯ ದೀಪ ಹಾಕಿ, ಪರದೆ ಎಳೆಯಿರಿ, ನೆರಳು ಬೀಳದಂತೆ ನೋಡಿಕೊಳ್ಳಿ ಎಂಬುದು. ಬೆಳಕಿರುವಾಗಲೇ ದೀಪ ಹಚ್ಚಬೇಕು ಎಂದು ನಮ್ಮ ಮನೆಗಳಲ್ಲಿ ಬೈಯುತ್ತಿದ್ದವರನ್ನು ನೆನೆಸಿಕೊಳ್ಳಿ.

ಕಿಟಕಿ ಕನ್ನಡಿಯಾಗುವ ಹೊತ್ತು

ಮೂರನೇ ಹಂತ ನನಗೆ ತೀರ ಇಷ್ಟವಾದದ್ದು. ಮನೆಯ ದೀಪದ ಬೆಳಕು ಸಾಮಾನ್ಯವಾಗಿ 50ರಿಂದ 150 ಲಕ್ಸ್. ಸೂರ್ಯ ಮುಳುಗಿದ ಹತ್ತು ನಿಮಿಷದ ಒಳಗೇ ಹೊರಗಿನ ಬೆಳಕು ಆ ಮಟ್ಟಕ್ಕೆ ಇಳಿಯುತ್ತದೆ. ಕೆಲವೇ ನಿಮಿಷ ಒಳಗೂ ಹೊರಗೂ ಸಮಸಮ. ಆಗ ಬೀದಿಯಲ್ಲಿ ನಡೆಯುವವರಿಗೆ ಮನೆಗಳ ಒಳಗು ಕಾಣುತ್ತದೆ: ಟಿ.ವಿ. ಮುಂದೆ ಕೂತ ಅಜ್ಜ, ಹೋಂವರ್ಕಿನ ಮಗು, ಚಪಾತಿ ಲಟ್ಟಿಸುವ ಕೈ. ಒಳಗಿನವರಿಗೂ ಬೀದಿ ಕಾಣುತ್ತಿರುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಕೆಂಪು ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಅರಸೀಕೆರೆ ದಾಟಿ ಬಸ್ಸು ಹೊರಟಿದೆ, ಹೊತ್ತು ಮುಳುಗಿದೆ. ಗಾಜಿನಾಚೆ ತೆಂಗಿನ ತೋಟ, ಕೆರೆ ಏರಿ, ಮೇದು ಮನೆಗೆ ಹೊರಟ ಎಮ್ಮೆಗಳು. ಟಿಕೆಟ್ ಲೆಕ್ಕ ಬರೆಯಲು ಕಂಡಕ್ಟರು “ಲೈಟ್ ಹಾಕಣ್ಣ” ಎನ್ನುತ್ತಾರೆ. ಡ್ರೈವರು ಸ್ವಿಚ್ ಒತ್ತಿದ ಕೂಡಲೇ ಗಾಜಿನಲ್ಲಿ ಒಂದು ಮುಖ ತೇಲುತ್ತದೆ. ಸಾದಾ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 8 ಪಾಲನ್ನು ಸದಾ ಹಿಂದಕ್ಕೆ ಕಳಿಸುತ್ತಲೇ ಇರುತ್ತದೆ. ಹಗಲಿನಲ್ಲಿ ಹೊರಗಿನ ಬೆಳಕಿನ ಎದುರು ಆ 8 ಪಾಲಿಗೆ ಬೆಲೆಯಿಲ್ಲ. ಈಗ ಬಂತು. ಮೊದಮೊದಲು ಮುಖದೊಳಗೇ ತೆಂಗಿನ ಮರ ಓಡುತ್ತಿರುತ್ತದೆ. ಕಡೂರು ಬರುವಷ್ಟರಲ್ಲಿ ತೋಟ ಪೂರ್ತಿ ಅಳಿಸಿ ಮುಖವೊಂದೇ ಉಳಿಯುತ್ತದೆ. ಅದುವರೆಗೆ ಊರು, ಹೊಲ ನೋಡುತ್ತ ಮಾತಾಡುತ್ತಿದ್ದ ಬಸ್ಸು ಮೌನವಾಗುತ್ತದೆ. ಎಲ್ಲರೂ ಅವರವರ ಮುಖದ ಎದುರು ಕೂತಿರುತ್ತಾರೆ. ಸಂಜೆ ನಮ್ಮನ್ನು ಅಂತರ್ಮುಖಿಗಳನ್ನಾಗಿ ಮಾಡುತ್ತದೆ ಎಂದು ನಾವು ಹೇಳುವ ಮಾತಿನಲ್ಲಿ ಎಷ್ಟೋ ಪಾಲು ಗಾಜಿನ ಕೆಲಸ.

ಅದೇ ಬೆಳಕು, ಬೇರೆ ಬೇರೆ ಸಂಜೆ

ಬೆಳಕು ಒಂದೇ ಆದರೂ ಭಾವ ಒಂದೇ ಆಗಬೇಕಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲವರು ಸಂಗೀತಗಾರರು. ಹಿಂದುಸ್ತಾನಿ ಪದ್ಧತಿಯಲ್ಲಿ ಸಂಧಿಪ್ರಕಾಶ ರಾಗಗಳೆಂದೇ ಒಂದು ಗುಂಪಿದೆ. ಕೋಮಲ ರಿಷಭ, ಶುದ್ಧ ಗಾಂಧಾರ ಅವುಗಳ ಗುರುತು. ಸಂಜೆಯ ರಾಗಗಳಲ್ಲಿ ತೀವ್ರ ಮಧ್ಯಮ ಮೇಲುಗೈ ಪಡೆಯುತ್ತದೆ. ಯಾವ ರಾಗ ಯಾವ ಹೊತ್ತಿಗೆ ಎಂಬ ಈ ಕಾಲನಿಯಮಕ್ಕೆ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಶಾಸ್ತ್ರದ ಚೌಕಟ್ಟು ಹಾಕಿಕೊಟ್ಟರು. ಮಾರವಾ ಮತ್ತು ಪೂರಿಯಾ ಎರಡೂ ಸಂಜೆಯವು, ಎರಡರ ಸ್ವರಗಳೂ ಒಂದೇ, ಎರಡರಲ್ಲೂ ಪಂಚಮವಿಲ್ಲ. ಆದರೆ ಮಾರವಾ ಷಡ್ಜಕ್ಕೆ ಬಂದು ನಿಲ್ಲಲು ಒಪ್ಪದೆ ಚಡಪಡಿಸುತ್ತದೆ. ಪೂರಿಯಾ ಮಂದ್ರದಲ್ಲಿ ಇಳಿದು ಕೂತು ಗಂಭೀರವಾಗುತ್ತದೆ. ಅವೇ ಸ್ವರಗಳನ್ನು ತಾರದ ಕಡೆ ಎತ್ತಿದರೆ ರಾತ್ರಿಯ ಕೊನೆಯ ಜಾವದ ಸೋಹನಿ. ಧಾರವಾಡ–ಹುಬ್ಬಳ್ಳಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವರ ಯಾವುದು ಎಂಬುದಕ್ಕಿಂತ ಎಲ್ಲಿ ಒತ್ತು, ಎಲ್ಲಿ ವಿಶ್ರಾಂತಿ ಎಂಬುದೇ ರಾಗದ ಜೀವ.

ದುಡಿಯುವವರ ಸಂಜೆಯೂ ಹೀಗೆಯೇ. ತಳ್ಳುಗಾಡಿಯ ಸೊಪ್ಪಿನಮ್ಮನಿಗೆ ಕೆಂಪಾದ ಆಕಾಶವೆಂದರೆ ದಂಟು, ಮೆಂತ್ಯ, ಸಬ್ಬಸಿಗೆ ಬಾಡುವ ಮುಂಚೆ ರೇಟು ಇಳಿಸಬೇಕಾದ ಹೊತ್ತು. “ಇಪ್ಪತ್ತಕ್ಕೆ ಮೂರು ಕಟ್ಟು ತಗೊಳಮ್ಮ” ಎಂದು ಕೂಗುವ ದನಿಯಲ್ಲಿ ವಿಷಾದ ಹುಡುಕಿದರೆ ಸಿಗುವುದಿಲ್ಲ, ಲೆಕ್ಕ ಸಿಗುತ್ತದೆ. ಮಲ್ಲಿಗೆ ಮಾರುವವಳಿಗೆ ಅದೇ ಹೊತ್ತು ಏರುಹೊತ್ತು. ಬೆಳಿಗ್ಗೆ ಮೊಗ್ಗಾಗಿ ಬಿಡಿಸಿದ್ದು ಈಗ ಬಿರಿಯುತ್ತದೆ, ಮೊಳಕ್ಕೆ ಬೆಲೆ ಬರುತ್ತದೆ.

ಇನ್ನು ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಮೂರನೇ ವಾರದಲ್ಲಿ, 5:50ರ ಸುಮಾರಿಗೆ; ಅತಿ ತಡವಾಗಿ ಜುಲೈ ಮೊದಲ ಭಾಗದಲ್ಲಿ, 6:50ರ ಸುಮಾರಿಗೆ. ಆರು ಗಂಟೆಗೆ ಪಾಳಿ ಬಿಟ್ಟರೆ ಅದೇ ಗೇಟಿನಿಂದ ಜುಲೈನಲ್ಲಿ ಅವರು ಹಗಲಿಗೆ ಕಾಲಿಡುತ್ತಾರೆ, ನವೆಂಬರ್‌ನಲ್ಲಿ ಮಬ್ಬಿಗೆ. ಟ್ಯೂಬ್‌ಲೈಟಿನ ಕೆಳಗೆ ಇಡೀ ದಿನ ಕಳೆದವರಿಗೆ ಸಂಜೆಯ ಆ ಒಂದು ಗಂಟೆಯೇ ದಿನದ ಬೆಳಕು. ಜುಲೈನ ಸಂಜೆಯಲ್ಲಿ ಅವರು ರಸ್ತೆ ಬದಿಯ ಬಳೆ, ನೈಟಿ, ಪಾನಿಪುರಿಗಳ ಮುಂದೆ ನಿಂತು ನಗುತ್ತಾರೆ. ನವೆಂಬರ್‌ನಲ್ಲಿ ಕತ್ತಲೆ ರಸ್ತೆಯ ಯೋಚನೆಯಲ್ಲಿ ನೇರ ಬಸ್‌ಸ್ಟಾಪಿಗೆ ನಡೆಯುತ್ತಾರೆ. ಒಂದು ಗಂಟೆಯ ಬೆಳಕಿನಲ್ಲಿ ಒಂದು ಬೀದಿಯ ಸ್ವಭಾವವೇ ಬದಲಾಗುತ್ತದೆ. ಸಂಜೆಯ ಬಗ್ಗೆ ಬರೆಯುವವರು ಇವರನ್ನು ಕೇಳಬೇಕು.

ದೀಪಗಳ ಸರದಿ

ಕೊನೆಯ ಹಂತದಲ್ಲಿ ಆಕಾಶ ಹಿಂದೆ ಸರಿದು ದೀಪ ಮುಂದೆ ಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಳದಣಕರ್ ಅವರ ದೀಪದ ಮಹಿಳೆಯ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ರವಿವರ್ಮನದೆಂದು ಎಷ್ಟೋ ಜನ ತಿಳಿದದ್ದೂ ಉಂಟು. ಅದು ಜಲವರ್ಣ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳಿನ ಅಂಚಿನಲ್ಲಿ ಬೆಳಕು ಕೆಂಪಾಗಿ ತೂರಿ ಬರುತ್ತದೆ. ಮುಖ, ಎದೆ, ಸೀರೆಯ ಮಡಿಕೆಯ ಒಂದಿಷ್ಟು ಭಾಗಕ್ಕೆ ಮಾತ್ರ ಬೆಳಕು ತಾಗಿದೆ. ಉಳಿದದ್ದನ್ನು ಕತ್ತಲಿಗೆ ಬಿಡುವ ಧೈರ್ಯ ಇದ್ದುದರಿಂದಲೇ ಆ ಚಿತ್ರಕ್ಕೆ ಅಷ್ಟು ಆಪ್ತತೆ ಬಂದಿದೆ.

ನಮ್ಮ ಊರುಗಳ ದೀಪಕ್ಕೆ ಆ ಧೈರ್ಯ ಇಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದ ಮೇಲೆ ದೀಪದ ಬಣ್ಣ ಹಲವು ಸಲ ಬದಲಾಗಿದೆ. ಸೋಡಿಯಂ ದೀಪದ ಕಿತ್ತಳೆ ಬೆಳಕಿನಲ್ಲಿ ಹಸಿರು ಸೀರೆ ಯಾವುದು, ನೀಲಿ ಯಾವುದು ತಿಳಿಯುತ್ತಿರಲಿಲ್ಲ. ಅದು ಹೋಗಿ ಎಲ್‌ಇಡಿ ಬಂದಿದೆ. ಬಣ್ಣ ತಿಳಿಯುತ್ತದೆ, ವಿದ್ಯುತ್ ಉಳಿಯುತ್ತದೆ, ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಕೋರಿಕೆ ಚಿಕ್ಕದು. ಮಧ್ಯಾಹ್ನದಂಥ ಬಿಳಿನೀಲಿ ಬೆಳಕನ್ನು ವಸತಿ ಬೀದಿಗಳಿಗೆ ಹಾಕಬೇಕಿಲ್ಲ. ಅದೇ ಎಲ್‌ಇಡಿಯಲ್ಲಿ ಹಳದಿ ಕಡೆಗೆ ವಾಲಿದ ಬಗೆಯೂ ಸಿಗುತ್ತದೆ. ಬೆಳಕು ನೆಲಕ್ಕೆ ಬೀಳಲಿ, ಮಹಡಿಯಲ್ಲಿ ಮಲಗಿದವರ ಕಣ್ಣಿಗೆ ಬೇಡ. ಗಾರ್ಮೆಂಟ್ಸ್ ಗೇಟಿನಿಂದ ಬಸ್‌ಸ್ಟಾಪಿನವರೆಗಿನ ದಾರಿಗೆ ಮೊದಲು ಬರಲಿ, ಜಾಹೀರಾತು ಫಲಕಕ್ಕೆ ಆಮೇಲೆ. ಮನೆ ಕಟ್ಟುವವರು ಪಶ್ಚಿಮಕ್ಕೆ ಒಂದು ಕಿಟಕಿಯನ್ನೋ ಮೂರಡಿ ಜಗಲಿಯನ್ನೋ ಉಳಿಸಿಕೊಳ್ಳಲಿ. ಸೆಕೆಯಾಗುತ್ತದೆ ಎಂದು ಅದನ್ನು ಪೂರ್ತಿ ಮುಚ್ಚಿಬಿಟ್ಟರೆ ವರ್ಷದ 365 ಸಂಜೆಗಳೂ ಮುಚ್ಚಿಹೋಗುತ್ತವೆ.

ಇಲ್ಲಿರುವ ಯುವ ಬರಹಗಾರರಿಗೆ ಒಂದು ಮಾತು. ನಿಮ್ಮ ಕತೆಯಲ್ಲಿ “ಸಂಜೆಯಾಗಿತ್ತು” ಎಂದು ಬರೆದ ಮೇಲೆ ಪೆನ್ನು ನಿಲ್ಲಿಸಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಎಷ್ಟನೇ ನಿಮಿಷ? ಗೋಡೆಯ ಕರಣೆಯ ಗುರುತು ಕಾಣುತ್ತಿದೆಯೇ, ದಾಸವಾಳ ಕಪ್ಪಾಗಿದೆಯೇ, ಬಸ್ಸಿನ ಗಾಜಿನಲ್ಲಿ ಮುಖ ಮೂಡಿದೆಯೇ? ಎರಡನೆಯದು, ಇದು ಯಾರ ಸಂಜೆ? ಅವರ ಕೈಯಲ್ಲಿ ಇನ್ನೂ ಏನು ಕೆಲಸ ಉಳಿದಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ವಿಷಾದವೋ ಉಲ್ಲಾಸವೋ ಎಂದು ನೀವು ಬೇರೆ ಹೇಳಬೇಕಾಗಿಲ್ಲ, ಓದುಗರಿಗೆ ತಿಳಿಯುತ್ತದೆ. ಉತ್ತರ ಸಿಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ, ಕತೆಗೆ ನಷ್ಟವಾಗುವುದಿಲ್ಲ.